ರಕ್ತ ಪರೀಕ್ಷೆ ನಾರ್ಮಲ್, ಮಗು ಓಡಾಡ್ತಾಳೆ, ಆದರೂ ಔಷಧಿ ಬೇಕಾ?

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಮಗಳಿಗೆ ಈಗ ಐದು ವರ್ಷ. ಹೋದ ವರ್ಷ ಅವಳ ಬಲ ಮಂಡಿ ಊದಿಕೊಂಡಿತು. ಬೆಳಗ್ಗೆ ಎದ್ದಾಗ ಕುಂಟುತ್ತಿದ್ದಳು, ಹತ್ತು ಗಂಟೆ ಹೊತ್ತಿಗೆ ಸರಿಹೋಗುತ್ತಿತ್ತು. ಎಲ್ಲೋ ಬಿದ್ದಿರಬೇಕು ಅಂದುಕೊಂಡೆವು. ಆಮೇಲೆ ರಕ್ತದಲ್ಲಿ ಎಎಸ್‌ಒ ಜಾಸ್ತಿ ಇದೆ ಅಂತ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಕೊಡಿಸಿದೆವು, ಕಡಿಮೆ ಆಗಲಿಲ್ಲ. ಬೆಂಗಳೂರಿಗೆ ಹೋದಾಗ ಮಕ್ಕಳ ಸಂಧಿವಾತ, ಜೆಐಎ ಅಂದರು. ಮಂಡಿಯೊಳಗೆ ಒಂದು ಇಂಜೆಕ್ಷನ್ ಕೊಟ್ಟರು. ಆರು ತಿಂಗಳು ಚೆನ್ನಾಗಿದ್ದಳು. ಈಗ ಅದೇ ಮಂಡಿ ಮತ್ತೆ ಊದಿದೆ, ಎಡಗಾಲಿನ ಪಾದದ ಗಂಟೂ ಊದಿದೆ. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಮಾತ್ರೆ ಶುರು ಮಾಡಿ, ಮೂರು ತಿಂಗಳಿಗೊಮ್ಮೆ ಕಣ್ಣು ತೋರಿಸಿ ಅಂದಿದ್ದಾರೆ. ಆರ್‌ಎ ಫ್ಯಾಕ್ಟರ್ ನೆಗೆಟಿವ್, ಇಎಸ್‌ಆರ್ ನಾರ್ಮಲ್, ಎಎನ್‌ಎ ಪಾಸಿಟಿವ್. ನೋವು ಅಂತ ಅವಳು ಹೇಳೋದೇ ಇಲ್ಲ. ಮಧ್ಯಾಹ್ನ ಎಲ್ಲರ ಜೊತೆ ಓಡಾಡ್ತಾಳೆ. ಆ ಮಾತ್ರೆ ಕ್ಯಾನ್ಸರ್ ಔಷಧಿ ಅಂತ ಮೊಬೈಲ್‌ನಲ್ಲಿ ಓದಿ ಕೈಕಾಲೇ ಆಡಲಿಲ್ಲ. ನಮ್ಮ ಅತ್ತೆ ಇದು ವಾಯು, ಆಲೂಗಡ್ಡೆ ಮೊಸರು ಬಿಡಿಸಿದರೆ ಸಾಕು ಅಂತಾರೆ. ಹೆಣ್ಣುಮಗು, ಯಾರ ಹತ್ರಾನೂ ಹೇಳಬೇಡ ಅಂತಲೂ ಅಂತಾರೆ. ಈ ಔಷಧಿ ಬೇಕೇ ಬೇಕಾ? ದೊಡ್ಡವಳಾದ ಮೇಲೆ ತಾನಾಗೇ ಹೋಗುತ್ತಾ? ಜೂನ್‌ನಿಂದ ಭರತನಾಟ್ಯಕ್ಕೆ ಸೇರಿಸಬೇಕು ಅಂತಿದ್ದೆ, ಬಿಡಬೇಕಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನೀವು ಬರೆದಿರುವುದೆಲ್ಲ ಹಾಗೇ ಇದ್ದರೆ ಔಷಧಿ ಬೇಕು. ಕಣ್ಣಿನ ಪರೀಕ್ಷೆಯಂತೂ ಬೇಕೇ ಬೇಕು. ಭರತನಾಟ್ಯ ಬಿಡಬೇಕಾಗಿಲ್ಲ, ಸ್ವಲ್ಪ ತಡವಾಗಬಹುದು ಅಷ್ಟೇ.

ನಿಮ್ಮ ಇಡೀ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ ಮಾತು "ನೋವು ಅಂತ ಅವಳು ಹೇಳೋದೇ ಇಲ್ಲ" ಅನ್ನುವುದು. ಈ ಕಾಯಿಲೆಯಲ್ಲಿ ಅಪ್ಪ ಅಮ್ಮಂದಿರು ಮೋಸ ಹೋಗುವುದೇ ಅಲ್ಲಿ. ವೈದ್ಯರೂ ಹೋಗುತ್ತಾರೆ. ದೊಡ್ಡವರಿಗೆ ಕೀಲು ಊದಿದರೆ ಮನೆಮಂದಿಗೆಲ್ಲ ಗೊತ್ತಾಗುವ ಹಾಗೆ ನರಳುತ್ತಾರೆ. ನಾಲ್ಕೈದು ವರ್ಷದ ಮಗು ಹಾಗೆ ಮಾಡುವುದಿಲ್ಲ. ಊತ ನಿಧಾನವಾಗಿ ಬಂದರೆ ಮಗು ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಮಂಡಿ ಪೂರ್ತಿ ನೀಡಲು ಆಗದಿದ್ದರೆ ಸ್ವಲ್ಪ ಮಡಿಸಿಕೊಂಡೇ ನಡೆಯುತ್ತದೆ. ಕೆಳಗೆ ಕೂರಲು ಕಷ್ಟವಾದರೆ ನಿಂತೇ ಆಡುತ್ತದೆ. ಮೆಟ್ಟಿಲು ಬಂದರೆ "ಎತ್ತಿಕೋ" ಅನ್ನುತ್ತದೆ, ನಾವು ಅದನ್ನು ಮುದ್ದು ಅಂದುಕೊಳ್ಳುತ್ತೇವೆ. ಹಾಗಾಗಿ ಮಗು ಏನು ಹೇಳುತ್ತದೆ ಅನ್ನುವುದಕ್ಕಿಂತ ಏನು ಮಾಡುವುದನ್ನು ಬಿಟ್ಟಿದೆ ಅಂತ ನೋಡಬೇಕು.

ನೀವು ಮನೆಯಲ್ಲೇ ಒಂದು ಕೆಲಸ ಮಾಡಿ. ಮಗಳನ್ನು ಮಂಚದ ಮೇಲೆ ಅಂಗಾತ ಮಲಗಿಸಿ, ಎರಡೂ ಕಾಲು ನೀಟಾಗಿ ಜೋಡಿಸಿ. ಮಂಡಿಚಿಪ್ಪಿನ ಎರಡೂ ಪಕ್ಕ ಒಂದೊಂದು ಸಣ್ಣ ತಗ್ಗು ಇರುತ್ತದೆ. ಎಡಗಾಲಿನಲ್ಲಿ ಆ ತಗ್ಗು ಕಾಣಿಸಿ ಬಲಗಾಲಿನಲ್ಲಿ ತುಂಬಿಕೊಂಡಿದ್ದರೆ ಅಲ್ಲಿ ನೀರು ತುಂಬಿದೆ ಅಂತ ಅರ್ಥ. ಆಮೇಲೆ ಅಂಗೈ ಬೇಡ, ಮುಂಗೈಯ ಹಿಂಭಾಗದಿಂದ ತೊಡೆ, ಮಂಡಿ, ಮೊಣಕಾಲಿನ ಕೆಳಗೆ ಹೀಗೆ ಮೂರು ಕಡೆ ಮುಟ್ಟಿ ನೋಡಿ. ಆರೋಗ್ಯವಾದ ಮಂಡಿ ತೊಡೆಗಿಂತ ಸ್ವಲ್ಪ ತಣ್ಣಗೇ ಇರುತ್ತದೆ. ತೊಡೆಯಷ್ಟೇ ಬೆಚ್ಚಗಿದ್ದರೂ ಅದು ಊತವೇ. ಕೊನೆಗೆ ಹಿಮ್ಮಡಿ ಹಿಡಿದು ಮೇಲೆತ್ತಿ, ಮಂಡಿಯ ಹಿಂಭಾಗ ಪೂರ್ತಿ ನೇರವಾಗುತ್ತಾ ನೋಡಿ. ತೊಡೆಯನ್ನೂ ಗಮನಿಸಿ. ಊದಿದ ಮಂಡಿಯ ಕಡೆ ತೊಡೆ ತೆಳ್ಳಗಾಗಿದ್ದರೆ ಮಗು ಆ ಕಾಲನ್ನು ತಿಂಗಳುಗಳಿಂದ ಉಳಿಸಿಕೊಂಡು ನಡೆಯುತ್ತಿದೆ. ಇಷ್ಟು ನೋಡಲು ಎರಡು ನಿಮಿಷ ಸಾಕು. ವಾರಕ್ಕೊಮ್ಮೆ ಸ್ನಾನಕ್ಕೆ ಮುಂಚೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಸ್ನಾನ ಆದ ಮೇಲೆ ಬೇಡ, ಬಿಸಿನೀರಿಗೆ ಎಲ್ಲವೂ ಬೆಚ್ಚಗೇ ಇರುತ್ತದೆ.

ಈಗ ಕಾಯಿಲೆಯ ವಿಷಯ. ಹದಿನಾರು ವರ್ಷದೊಳಗೆ ಶುರುವಾಗಿ, ಒಂದಾದರೂ ಕೀಲು ಆರು ವಾರಕ್ಕಿಂತ ಜಾಸ್ತಿ ಊದಿದ್ದು, ಬೇರೆ ಕಾರಣ ಸಿಗದಿದ್ದರೆ ಅದನ್ನು ಜೆಐಎ ಅನ್ನುತ್ತೇವೆ. ಸೋಂಕಿನ ಜೊತೆ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ಕೀಲಿನ ಒಳಪದರದ ಮೇಲೇ ತಿರುಗಿ ಬೀಳುವುದರಿಂದ ಹೀಗಾಗುತ್ತದೆ. ಯಾಕೆ ನಿಮ್ಮ ಮಗಳಿಗೇ ಬಂತು ಅಂದರೆ, ಸ್ವಲ್ಪ ಹುಟ್ಟಿನಿಂದ ಬಂದ ಗುಣ, ಸ್ವಲ್ಪ ಹೊರಗಿನ ಯಾವುದೋ ಪ್ರಚೋದನೆ. ನೀವು ಬಸುರಿಯಲ್ಲಿ ತಿಂದದ್ದರಿಂದಲೋ, ತಣ್ಣೀರಿನಲ್ಲಿ ಆಡಿದ್ದರಿಂದಲೋ ಬಂದದ್ದಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ನಮ್ಮ ಮನೆಗಳಲ್ಲಿ ಮಗುವಿಗೆ ಏನೇ ಆದರೂ ತಪ್ಪು ಕೊನೆಗೆ ತಾಯಿಯ ತಲೆಗೇ ಬರುತ್ತದೆ.

ಮಕ್ಕಳಿಗೆ ಸಂಧಿವಾತ ಬರುತ್ತಾ ಅಂತ ಈಗಲೂ ಜನ ಹುಬ್ಬೇರಿಸುತ್ತಾರೆ. ಲಂಡನ್ನಿನ ಜಾರ್ಜ್ ಫ್ರೆಡರಿಕ್ ಸ್ಟಿಲ್ ಎಂಬ ವೈದ್ಯರು 1897ರಲ್ಲೇ ಇಂಥ 22 ಮಕ್ಕಳ ವಿವರ ಬರೆದು, ಇದು ದೊಡ್ಡವರ ಸಂಧಿವಾತಕ್ಕಿಂತ ಬೇರೆ ಅಂದಿದ್ದರು. ಆ ಮಾತನ್ನು ನೆನಪಿಟ್ಟುಕೊಂಡರೆ ನಿಮ್ಮ ಆರ್‌ಎ ಫ್ಯಾಕ್ಟರ್ ಗೊಂದಲವೂ ಬಗೆಹರಿಯುತ್ತದೆ. ಆರ್‌ಎ ಫ್ಯಾಕ್ಟರ್ ದೊಡ್ಡವರ ಒಂದು ಕಾಯಿಲೆಯ ಗುರುತು. ಜೆಐಎ ಇರುವ ನೂರು ಮಕ್ಕಳಲ್ಲಿ ಹತ್ತು ಜನರಿಗೂ ಅದು ಪಾಸಿಟಿವ್ ಬರುವುದಿಲ್ಲ. ನೆಗೆಟಿವ್ ಬಂದರೆ ಕಾಯಿಲೆ ಇಲ್ಲ ಅಂತಲ್ಲ. ಮೈಯಲ್ಲಿ ಉರಿಯೂತ ಇದೆಯಾ ಅಂತ ಸೂಚಿಸುವ ಇಎಸ್‌ಆರ್ ಕೂಡ ಹಾಗೇ. ಒಂದೆರಡು ಕೀಲು ಮಾತ್ರ ಊದಿರುವ ಮಕ್ಕಳಲ್ಲಿ ಅದು ಎಷ್ಟೋ ಸಲ ನಾರ್ಮಲ್ ಇರುತ್ತದೆ. ಜೆಐಎ ಇದೆ ಅಂತ ಹೇಳುವ ಒಂದೇ ಒಂದು ರಕ್ತ ಪರೀಕ್ಷೆ ಇಲ್ಲ. ಕೀಲನ್ನು ಮುಟ್ಟಿ ನೋಡಿಯೇ ಹೇಳಬೇಕು. ಲ್ಯಾಬ್ ರಿಪೋರ್ಟ್ ಮಾತ್ರ ವಾಟ್ಸಾಪ್‌ನಲ್ಲಿ ಕಳಿಸಿ "ಏನಾದರೂ ಇದೆಯಾ ನೋಡಿ" ಅಂದರೆ ನಾನು ಉತ್ತರ ಕೊಡದೆ ಇರುವುದು ಅದಕ್ಕೇ.

ಎಎಸ್‌ಒ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಗಂಟಲಿಗೆ ಒಂದು ಜಾತಿಯ ಸೋಂಕು ಬಂದುಹೋಗಿದೆ ಅನ್ನುವುದಷ್ಟೇ ಅದರ ಅರ್ಥ. ಶಾಲೆಗೆ ಹೋಗುವ ಎಷ್ಟೋ ಮಕ್ಕಳಿಗೆ ಅದು ಜಾಸ್ತಿ ಇರುತ್ತದೆ. ಆ ಸೋಂಕಿನ ನಂತರ ಕೆಲವರಿಗೆ ಬರುವ ರುಮ್ಯಾಟಿಕ್ ಜ್ವರದಲ್ಲಿ ಕೀಲೂತ ಬರುವುದು ನಿಜ. ಆದರೆ ಅದು ಇವತ್ತು ಮಂಡಿ, ನಾಡಿದ್ದು ಮೊಣಕೈ ಅಂತ ಜಾಗ ಬದಲಿಸುತ್ತದೆ. ನೋವು ಮುಟ್ಟಲು ಬಿಡುವುದಿಲ್ಲ. ಕೆಲವೇ ವಾರಗಳಲ್ಲಿ ಕೀಲು ಮೊದಲಿನಂತಾಗುತ್ತದೆ. ಹೃದಯದ ಕವಾಟ ಕೆಡುವ ಭಯ ಇರುವುದರಿಂದ ಆ ಕಾಯಿಲೆಗೆ ವರ್ಷಗಟ್ಟಲೆ ಪೆನಿಸಿಲಿನ್ ಬೇಕೇ ಬೇಕು. ಆದರೆ ಒಂದೇ ಮಂಡಿ ತಿಂಗಳುಗಟ್ಟಲೆ ಊದಿ ಕೂತಿದ್ದರೆ ಅದು ರುಮ್ಯಾಟಿಕ್ ಜ್ವರದ ನಡತೆಯಲ್ಲ. ಆ ಇಂಜೆಕ್ಷನ್‌ನಿಂದ ಮಗಳಿಗೆ ಹಾನಿಯೇನೂ ಆಗಿಲ್ಲ, ಸಮಯ ಹೋಯಿತು. ನಿಲ್ಲಿಸುವ ಮುಂಚೆ ಎಕೋ ಮಾಡಿಸಿ ಹೃದಯ ಸರಿ ಇದೆ ಅಂತ ನೋಡಿದ್ದಾರೋ ಇಲ್ಲವೋ ಕೇಳಿಕೊಳ್ಳಿ.

ನಮ್ಮ ದೇಶದಲ್ಲಿ ಒಂದೇ ಮಂಡಿ ಊದಿದರೆ ಕ್ಷಯದ ಕಡೆಗೂ ಕಣ್ಣು ಹಾಯಿಸಬೇಕು. ಕೀಲಿಗೂ ಟಿಬಿ ಬರುತ್ತದೆ. ಮಗು ರಾತ್ರಿ ಕಿರುಚಿ ಏಳುವಷ್ಟು ನೋವು, ಕೀಲಿಗಿಂತ ಮೂಳೆಯಲ್ಲೇ ನೋವು, ಬಿಳಿಚಿಕೊಳ್ಳುವುದು, ತೂಕ ಇಳಿಯುವುದು, ಪ್ಲೇಟ್‌ಲೆಟ್ ಕಡಿಮೆ ಆಗುವುದು ಇದ್ದರೆ ರಕ್ತದ ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳುವವರೆಗೂ ಸ್ಟಿರಾಯ್ಡ್ ಕೊಡಲೇಬಾರದು. ಕೊಟ್ಟರೆ ಅಸಲಿ ಕಾಯಿಲೆ ಮುಚ್ಚಿಹೋಗುತ್ತದೆ. ನಿಮ್ಮ ಮಗಳಿಗೆ ಇವು ಯಾವುದೂ ಇಲ್ಲ. ಈ ಉತ್ತರ ಓದುವ ಬೇರೆಯವರಿಗೆ ಬೇಕಾಗಬಹುದು ಅಂತ ಬರೆದೆ. ಇನ್ನೊಂದು ಕಡೆ, ಸಂಜೆ ಆಟ ಮುಗಿಸಿ ಬಂದು ರಾತ್ರಿ ಎರಡೂ ಕಾಲು ನೋವು ಅಂತ ಅಳುವ, ಅಜ್ಜಿ ಕಾಲು ಒತ್ತಿದರೆ ನಿದ್ದೆ ಹೋಗುವ, ಬೆಳಗ್ಗೆ ಎದ್ದು ಜಿಂಕೆ ಹಾಗೆ ಓಡುವ ಮಕ್ಕಳಿಗೆ ಸಂಧಿವಾತ ಇಲ್ಲ. ಅದು ಬೆಳೆಯುವ ವಯಸ್ಸಿನ ಕಾಲುನೋವು. ಸಂಧಿವಾತದ ಮಗುವಿಗೆ ಕೆಟ್ಟ ಹೊತ್ತು ಬೆಳಗ್ಗೆ. ಹಾಸಿಗೆ ಬಿಟ್ಟೇಳುವಾಗ ಕೀಲು ಸೆಟೆದುಕೊಂಡಿರುತ್ತದೆ, ಓಡಾಡಿದಂತೆ ಬಿಡುತ್ತದೆ. ಬಸ್ಸಿನಲ್ಲಿ ಒಂದೆರಡು ಗಂಟೆ ಕೂತು ಇಳಿದಾಗಲೂ ಹಾಗೇ ಆಗುತ್ತದೆ. ನಿಮ್ಮ ಮಗಳು ಮಧ್ಯಾಹ್ನ ಓಡಾಡುವುದು ಕಾಯಿಲೆ ಇಲ್ಲ ಅನ್ನುವುದಕ್ಕೆ ಸಾಕ್ಷಿಯಲ್ಲ. ಈ ಕಾಯಿಲೆಯ ಚಾಳಿಯೇ ಅದು.

ಜೆಐಎ ಒಳಗೆ ಏಳು ಬಗೆ ಇವೆ. ಎಲ್ಲವನ್ನೂ ಹೇಳುತ್ತಾ ಕೂತರೆ ನಿಮಗೆ ಉಪಯೋಗವಿಲ್ಲ. ಮೊದಲ ಆರು ತಿಂಗಳಲ್ಲಿ ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಕೀಲು ಊದಿದ್ದರೆ ಅದು ಕೆಲವೇ ಕೀಲಿನ ಬಗೆ. ನಿಮ್ಮ ಮಗಳದು ಇದೇ. ಐದು ಅಥವಾ ಜಾಸ್ತಿ ಇದ್ದರೆ ಹಲವು ಕೀಲಿನ ಬಗೆ. ಮೊದಲು ಕಡಿಮೆ ಇದ್ದು ಆರು ತಿಂಗಳ ನಂತರ ಹರಡುವ ಮಕ್ಕಳೂ ಇದ್ದಾರೆ. ಹಾಗಾಗಿ ಈಗ ಎರಡನೇ ಕೀಲು ಊದಿರುವುದನ್ನು ನಿಮ್ಮ ವೈದ್ಯರು ಗಂಭೀರವಾಗಿ ತೆಗೆದುಕೊಂಡಿದ್ದಾರೆ.

ಇನ್ನೊಂದು ಬಗೆಯನ್ನು ಹೇಳದೆ ಬಿಡಲಾರೆ, ಯಾಕಂದರೆ ಅದು ಕೀಲಿನ ಕಾಯಿಲೆ ಅಂತ ಯಾರಿಗೂ ಹೊಳೆಯುವುದಿಲ್ಲ. ದಿನಾ ಒಂದೋ ಎರಡೋ ಸಲ ಏರಿ, ಮತ್ತೆ ಪೂರ್ತಿ ಇಳಿಯುವ ಜ್ವರ ಎರಡು ವಾರ ಬಿಡುವುದಿಲ್ಲ. ಜ್ವರ ಏರಿದಾಗ ಮೈಮೇಲೆ ತಿಳಿಗೆಂಪು ಕಲೆಗಳು ಕಾಣಿಸಿ, ಇಳಿದಾಗ ಮಾಯವಾಗುತ್ತವೆ. ಟೈಫಾಯ್ಡ್ ಅಂತ ಒಂದಾದ ಮೇಲೆ ಒಂದು ಆಂಟಿಬಯೋಟಿಕ್ ಕೊಟ್ಟಿರುತ್ತಾರೆ. ಕೀಲು ಊದುವುದು ಆಮೇಲೆ. ಇಂಥ ಮಗುವಿಗೆ ಇದ್ದಕ್ಕಿದ್ದಂತೆ ಜ್ವರ ಇಳಿಯದೆ ನಿಂತು, ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ಕುಸಿದು, ರಕ್ತದ ಫೆರಿಟಿನ್ ಎಂಬ ಪ್ರೋಟೀನ್ ಸಾವಿರಗಟ್ಟಲೆ ಏರಿದರೆ ಅದು ಜೀವಕ್ಕೇ ಅಪಾಯ. ಆಗ ಕಾಯುವಂತಿಲ್ಲ, ಅದೇ ದಿನ ದೊಡ್ಡಾಸ್ಪತ್ರೆ ಸೇರಬೇಕು.

ಈಗ ಕಣ್ಣು. ನನ್ನ ಮಟ್ಟಿಗೆ ನಿಮ್ಮ ಪತ್ರದ ತುರ್ತು ಭಾಗ ಇದೇ. ಏಳು ವರ್ಷದೊಳಗೆ ಕೀಲೂತ ಶುರುವಾದ, ಎಎನ್‌ಎ (ರಕ್ತದಲ್ಲಿ ಸಿಗುವ ಒಂದು ಪ್ರತಿಕಾಯ) ಪಾಸಿಟಿವ್ ಇರುವ ಮಗುವಿಗೆ ಕಣ್ಣಿನ ಒಳಗೂ ಉರಿಯೂತ ಬರುವ ಸಂಭವ ಜಾಸ್ತಿ. ಯುವಿಯೈಟಿಸ್ ಅಂತಾರೆ. ಕಣ್ಣು ಕೆಂಪಾಗುವುದಿಲ್ಲ, ನೀರು ಬರುವುದಿಲ್ಲ, ನೋಯುವುದಿಲ್ಲ. ಮಗು ಟಿವಿ ಸರಿಯಾಗೇ ನೋಡುತ್ತದೆ. ಒಳಗೆ ಮಾತ್ರ ಪಾಪೆ ಹಿಂದಿನ ಮಸೂರಕ್ಕೆ ಅಂಟಿಕೊಳ್ಳುತ್ತಾ, ಪೊರೆ ಬೆಳೆಯುತ್ತಾ, ಕಣ್ಣಿನ ಒತ್ತಡ ಏರುತ್ತಾ ಹೋಗುತ್ತದೆ. ಮಂಡಿಯಲ್ಲಿ ಊತ ಇರುವಾಗಲೇ ಬರಬೇಕು ಅಂತಲೂ ಇಲ್ಲ. ಕೀಲು ಪೂರ್ತಿ ಶಾಂತವಾಗಿರುವಾಗಲೂ ಬರುತ್ತದೆ. ಕಣ್ಣಿನ ತಜ್ಞರು ಸ್ಲಿಟ್ ಲ್ಯಾಂಪ್ ಎಂಬ ಯಂತ್ರದ ಮುಂದೆ ಗಲ್ಲ ಇಡಿಸಿ, ಕತ್ತಲಲ್ಲಿ ಸಣ್ಣ ಬೆಳಕಿನ ಗೆರೆ ಹಾಯಿಸಿ ನೋಡುತ್ತಾರೆ. ಹಳೇ ಮನೆಯ ಬೆಳಕಿಂಡಿಯಿಂದ ಬಿಸಿಲುಕೋಲು ಇಳಿದಾಗ ಅದರಲ್ಲಿ ಧೂಳಿನ ಕಣ ತೇಲುವುದು ಕಾಣುತ್ತದಲ್ಲ, ಹಾಗೆ ಆ ಬೆಳಕಿನಲ್ಲಿ ಉರಿಯೂತದ ಕಣಗಳು ತೇಲುವುದು ಕಾಣುತ್ತದೆ. ಬೇರೆ ದಾರಿಯಲ್ಲಿ ಕಾಣುವುದಿಲ್ಲ. ಕನ್ನಡಕದ ಅಂಗಡಿಯ ಕಂಪ್ಯೂಟರ್ ಪರೀಕ್ಷೆ, ಶಾಲೆಯಲ್ಲಿ ಅಕ್ಷರ ಓದಿಸುವ ಪರೀಕ್ಷೆ ಇದಕ್ಕೆ ಲೆಕ್ಕಕ್ಕಿಲ್ಲ.

ಇದಕ್ಕಾಗಿ ಪ್ರತಿಸಲ ಬೆಂಗಳೂರಿಗೆ ಬರಬೇಕಾಗಿಲ್ಲ. ಸ್ಲಿಟ್ ಲ್ಯಾಂಪ್ ನಿಮ್ಮ ಊರಿನ ಕಣ್ಣಿನ ತಜ್ಞರ ಹತ್ತಿರವೂ ಇರುತ್ತದೆ. ಒಂದು ಚೀಟಿಯಲ್ಲಿ "ಜೆಐಎ, ಎಎನ್‌ಎ ಪಾಸಿಟಿವ್, ಯುವಿಯೈಟಿಸ್ ಇದೆಯಾ ನೋಡಿ" ಅಂತ ನಿಮ್ಮ ವೈದ್ಯರ ಕೈಲಿ ಬರೆಸಿಕೊಂಡು ಹೋಗಿ. "ಕಣ್ಣು ತೋರಿಸಬೇಕು" ಅಂತ ಸುಮ್ನೆ ಹೋದರೆ ದೃಷ್ಟಿ ನೋಡಿ ಚೆನ್ನಾಗಿದೆ ಅಂತ ಕಳಿಸಿಬಿಡಬಹುದು. ಇನ್ನೂ ಒಂದು ಸಲವೂ ಮಾಡಿಸಿಲ್ಲದಿದ್ದರೆ ಈ ವಾರವೇ ಮಾಡಿಸಿ. ಉರಿಯೂತ ಸಿಕ್ಕರೆ ಮೊದಲು ಹನಿ ಔಷಧಿ, ಸಾಲದಿದ್ದರೆ ಮೆಥೋಟ್ರೆಕ್ಸೇಟ್, ಅದೂ ಸಾಲದಿದ್ದರೆ ಅಡಾಲಿಮುಮ್ಯಾಬ್ ಇಂಜೆಕ್ಷನ್. ಅಡಾಲಿಮುಮ್ಯಾಬ್ ಈ ಮಕ್ಕಳ ಕಣ್ಣಿಗೆ ಕೆಲಸ ಮಾಡುತ್ತದೆ ಅಂತ 2017ರಲ್ಲಿ ಬ್ರಿಟನ್ನಿನಲ್ಲಿ ನಡೆದ ಪ್ರಯೋಗ ತೋರಿಸಿದೆ.

ಔಷಧಿಯ ಭಯಕ್ಕೆ ಬರೋಣ. ಮೆಥೋಟ್ರೆಕ್ಸೇಟ್ ಕ್ಯಾನ್ಸರ್‌ಗೂ ಕೊಡುತ್ತಾರೆ, ನೀವು ಓದಿದ್ದು ಸುಳ್ಳಲ್ಲ. ಆದರೆ ಲೆಕ್ಕ ನೋಡಿ. ಮಕ್ಕಳ ರಕ್ತದ ಕ್ಯಾನ್ಸರ್‌ನಲ್ಲಿ ಮೈಯ ಒಂದು ಚದರ ಮೀಟರಿಗೆ 5,000 ಮಿಲಿಗ್ರಾಂವರೆಗೂ ಒಂದೇ ಸಲ ರಕ್ತಕ್ಕೆ ಹಾಕುವುದುಂಟು. ನಿಮ್ಮ ಮಗಳಿಗೆ ಕೊಡುವುದು ಚದರ ಮೀಟರಿಗೆ 10ರಿಂದ 15 ಮಿಲಿಗ್ರಾಂ, ವಾರಕ್ಕೆ ಒಂದು ಸಲ. ಅಂದರೆ ಅವಳ ಮೈಗೆ 2.5 ಮಿಲಿಗ್ರಾಂನ ಮೂರೋ ನಾಲ್ಕೋ ಸಣ್ಣ ಮಾತ್ರೆ. ಇಷ್ಟು ಕಡಿಮೆ ಪ್ರಮಾಣದಲ್ಲಿ ಅದು ಕೀಲಿನ ಉರಿಯೂತವನ್ನು ಇಳಿಸುತ್ತದೆ. ಕೂದಲೆಲ್ಲ ಉದುರುವ ಕಥೆ ಇಲ್ಲ. ಮುಂದೆ ಮಕ್ಕಳಾಗುವುದಕ್ಕೂ ಅಡ್ಡಿಯಿಲ್ಲ. ಇದು ಹೊಸ ಪ್ರಯೋಗವೂ ಅಲ್ಲ. ಅಮೆರಿಕ ಮತ್ತು ಆಗಿನ ಸೋವಿಯತ್ ಒಕ್ಕೂಟದ ವೈದ್ಯರು ಸೇರಿ ಮಕ್ಕಳಲ್ಲಿ ಇದನ್ನು ಪರೀಕ್ಷಿಸಿ, ಫಲಿತಾಂಶ ಪ್ರಕಟಿಸಿದ್ದು 1992ರಲ್ಲಿ. ಬೆಲೆಯೂ ಒಂದು ಮಾತ್ರೆಗೆ ಕೆಲವೇ ರೂಪಾಯಿ.

ಇದರಲ್ಲಿ ನಿಜವಾದ ಅಪಾಯ ಬೇರೆ ಕಡೆ ಇದೆ. ವಾರಕ್ಕೊಮ್ಮೆ ಕೊಡಬೇಕಾದ್ದನ್ನು ದಿನಾ ಕೊಟ್ಟುಬಿಡುವುದು. ಮೆಡಿಕಲ್ ಸ್ಟೋರಿನವರು ಅಭ್ಯಾಸಬಲದಿಂದ "ದಿನಕ್ಕೊಂದು" ಅಂತ ಕವರಿನ ಮೇಲೆ ಬರೆದು, ಮನೆಯವರು ಹಾಗೇ ಕೊಟ್ಟು, ಮಗು ಬಾಯಿತುಂಬ ಹುಣ್ಣಾಗಿ ರಕ್ತಕಣ ಕುಸಿದು ಬರುವುದು ನಮ್ಮಲ್ಲಿ ಈಗಲೂ ಇದೆ. ಹಾಗಾಗಿ ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ. ಶನಿವಾರ ರಾತ್ರಿ ಊಟ ಆದ ಮೇಲೆ ಅಂತ ಇಟ್ಟುಕೊಂಡರೆ ಮಾರನೇ ದಿನ ಹೊಟ್ಟೆ ತೊಳಸಿದರೂ ಶಾಲೆ ತಪ್ಪುವುದಿಲ್ಲ. ಡಬ್ಬಿಯ ಮೇಲೆ ದೊಡ್ಡದಾಗಿ "ಶನಿವಾರ ಮಾತ್ರ" ಅಂತ ಬರೆಯಿರಿ. ಕೊಡುವುದು ಮನೆಯಲ್ಲಿ ಒಬ್ಬರೇ ಆಗಿರಲಿ. ಜೊತೆಗೆ ಕೊಡುವ ಫೋಲಿಕ್ ಆಸಿಡ್ ಅನ್ನು ಅದೇ ದಿನ ಬೇಡ, ವೈದ್ಯರು ಹೇಳಿದ ಬೇರೆ ದಿನ ಕೊಡಿ. ಒಂದು ವಾರ ಮರೆತರೆ ಮುಂದಿನ ವಾರ ಎರಡರಷ್ಟು ಕೊಡಬೇಡಿ.

ವಾಕರಿಕೆ ಎಷ್ಟೋ ಮಕ್ಕಳಿಗೆ ಬರುತ್ತದೆ. ಮಾತ್ರೆ ಹಳದಿ ಬಣ್ಣದ್ದು. ಕೆಲವು ತಿಂಗಳು ತಿಂದ ಮೇಲೆ ಆ ಹಳದಿ ಕಂಡರೇ ವಾಂತಿ ಮಾಡುವ ಮಕ್ಕಳಿದ್ದಾರೆ. ನಾಟಕ ಅಂತ ಗದರಬೇಡಿ, ಅದು ನಿಜವಾದ ವಾಕರಿಕೆ. ಬೇಗ ಹೇಳಿದರೆ ವಾಂತಿ ತಡೆಯುವ ಮಾತ್ರೆ ಕೊಡಬಹುದು, ಇಲ್ಲವೇ ಚರ್ಮದಡಿಯ ಇಂಜೆಕ್ಷನ್‌ಗೆ ಬದಲಿಸಬಹುದು. ಶುರುವಿನಲ್ಲಿ ಕೆಲವು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ರಕ್ತಕಣ ಮತ್ತು ಲಿವರ್ ಪರೀಕ್ಷೆ ತಪ್ಪಿಸಬೇಡಿ. ಪರಿಣಾಮ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಮೂರನೇ ವಾರಕ್ಕೇ "ಏನೂ ಆಗಲಿಲ್ಲ" ಅಂತ ಬಿಡಬೇಡಿ.

ಮೂರು ಮಾತು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಮೆಥೋಟ್ರೆಕ್ಸೇಟ್ ತಿನ್ನುವ ಮಗುವಿಗೆ ಬೇರೆ ಯಾರೇ ಕೋಟ್ರಿಮಾಕ್ಸಜೋಲ್ ಅನ್ನುವ ಆಂಟಿಬಯೋಟಿಕ್ ಬರೆದರೆ ಬೇಡ ಅನ್ನಿ, ಎರಡೂ ಸೇರಿದರೆ ರಕ್ತಕಣ ಕುಸಿಯುತ್ತವೆ. ಪಲ್ಸ್ ಪೋಲಿಯೋ ಹನಿ, ದಡಾರ, ಚಿಕನ್‌ಪಾಕ್ಸ್ ಲಸಿಕೆಗಳು ಜೀವಂತ ಲಸಿಕೆಗಳು, ಹಾಕಿಸುವ ಮುಂಚೆ ನಿಮ್ಮ ವೈದ್ಯರಿಗೆ ಫೋನ್ ಮಾಡಿ. ಮನೆಯಲ್ಲೋ ಶಾಲೆಯಲ್ಲೋ ಯಾರಿಗಾದರೂ ಚಿಕನ್‌ಪಾಕ್ಸ್ ಬಂದರೂ ಅದೇ ದಿನ ತಿಳಿಸಿ.

ಔಷಧಿ ಕೊಡದಿದ್ದರೆ ಏನಾಗುತ್ತದೆ? ಇದನ್ನು ಯಾರೂ ಕೇಳುವುದಿಲ್ಲ. ಊದಿದ ಕೀಲಿಗೆ ರಕ್ತ ಜಾಸ್ತಿ ಹರಿಯುವುದರಿಂದ ಚಿಕ್ಕ ಮಕ್ಕಳಲ್ಲಿ ಆ ಕಾಲೇ ಉದ್ದ ಬೆಳೆಯುತ್ತದೆ. ಆಗ ಸೊಂಟ ವಾಲುತ್ತದೆ, ಮಂಡಿ ಮಡಿಸಿಕೊಂಡೇ ಉಳಿಯುತ್ತದೆ. ದವಡೆಯ ಕೀಲಿಗೆ ಬಂದರೆ ಗಲ್ಲ ಬೆಳೆಯುವುದಿಲ್ಲ, ಬಾಯಿ ಪೂರ್ತಿ ತೆರೆಯುವುದಿಲ್ಲ. ಬೆಳೆಯುವ ಮೂಳೆಗೆ ಒಂದು ವರ್ಷ ಅಂದರೆ ಬಹಳ. ದೊಡ್ಡವಳಾದ ಮೇಲೆ ತಾನಾಗೇ ಹೋಗಬಹುದು, ಕೆಲವರಿಗೆ ಹೋಗುತ್ತದೆ ಕೂಡ. ಆದರೆ ಕಾಯಿಲೆ ಹೋದ ಮೇಲೂ ಅದು ಮಾಡಿದ ಹಾನಿ ಉಳಿಯುತ್ತದೆ.

ಮೆಥೋಟ್ರೆಕ್ಸೇಟ್ ಸಾಲದೆ ಬಂದರೂ ದಾರಿ ಮುಚ್ಚುವುದಿಲ್ಲ. ಬಯಾಲಜಿಕ್ ಔಷಧಿಗಳಿವೆ, ಅಂದರೆ ಜೀವಕೋಶಗಳಿಂದ ತಯಾರಿಸಿದ, ಉರಿಯೂತದ ಒಂದು ಕೊಂಡಿಯನ್ನೇ ತಡೆಯುವ ಔಷಧಿಗಳು. ಎಟನರ್ಸೆಪ್ಟ್ ಅನ್ನು ಅಮೆರಿಕದಲ್ಲಿ ಮಕ್ಕಳಿಗೆ ಒಪ್ಪಿದ್ದು 1999ರಲ್ಲಿ. ಅಡಾಲಿಮುಮ್ಯಾಬ್‌ನ ಮೊದಲ ಬಯೋಸಿಮಿಲರ್ (ಮೂಲ ಔಷಧಿಯನ್ನೇ ಹೋಲುವ, ಬೇರೆ ಕಂಪನಿ ಮಾಡಿದ ಔಷಧಿ) 2014ರಲ್ಲಿ ಬಿಡುಗಡೆಯಾದದ್ದು ನಮ್ಮ ದೇಶದಲ್ಲೇ, ಬೆಲೆ ಇಳಿದದ್ದು ಅದರಿಂದ. ಈಗಲೂ ದುಬಾರಿಯೇ. ಶುರು ಮಾಡುವ ಮುಂಚೆ ಎದೆ ಎಕ್ಸ್‌ರೇ, ಮಾಂಟೂ ಪರೀಕ್ಷೆ ಮಾಡಿ ಟಿಬಿ ಇಲ್ಲ ಅಂತ ನೋಡಬೇಕು.

ನಿಮ್ಮ ಅತ್ತೆಯವರ ಮಾತು. ಅವರ ಕಾಳಜಿ ನಿಜ, ಆದರೆ ಆಲೂಗಡ್ಡೆ, ಬದನೆ, ಮೊಸರು ಬಿಟ್ಟರೆ ಈ ಕಾಯಿಲೆ ಕಡಿಮೆಯಾಗುವುದಿಲ್ಲ. ಬೆಳೆಯುವ ಮಗುವಿಗೆ ಹಾಲು ಮೊಸರು ನಿಲ್ಲಿಸಿದರೆ ನಷ್ಟವೇ. ಉರಿಯೂತದಿಂದಲೂ ಸ್ಟಿರಾಯ್ಡ್‌ನಿಂದಲೂ ಮೂಳೆ ತೆಳುವಾಗುತ್ತದೆ. ರಾಗಿ, ಹಾಲು, ಮೊಟ್ಟೆ, ಸೊಪ್ಪು, ಬಿಸಿಲಲ್ಲಿ ಆಟ ಇವೆಲ್ಲ ಬೇಕು. ಎಣ್ಣೆ ಹಚ್ಚಿ ಬಿಸಿನೀರು ಹಾಕುವುದಕ್ಕೆ ನನ್ನ ತಕರಾರಿಲ್ಲ, ಬೆಳಗಿನ ಸೆಟೆತಕ್ಕೆ ಬಿಸಿನೀರು ಒಳ್ಳೆಯದೇ. ಊದಿದ ಕೀಲನ್ನು ಗಟ್ಟಿಯಾಗಿ ನೀವಿ ಎಳೆಯಬೇಡಿ ಅಷ್ಟೇ. ಹೆಸರಿಲ್ಲದ ಪುಡಿ, ಗುಳಿಗೆ ಮಾತ್ರ ಬೇಡ. "ತಿಂದ ಮೂರೇ ದಿನಕ್ಕೆ ಊತ ಇಳೀತು" ಅನ್ನುವ ಪುಡಿಯ ಮೇಲೆ ನನಗೆ ಮೊದಲು ಬರುವ ಅನುಮಾನ ಅದರಲ್ಲಿ ಸ್ಟಿರಾಯ್ಡ್ ಬೆರೆಸಿದ್ದಾರೆ ಅಂತ. ಅಮೃತಬಳ್ಳಿ ಕಷಾಯ ಕುಡಿದವರಲ್ಲಿ ಲಿವರ್‌ಗೆ ತೊಂದರೆಯಾದ ವರದಿಗಳು 2021ರಲ್ಲಿ ಮುಂಬೈನಿಂದ ಬಂದವು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ಜಗಳ ಏನೇ ಇರಲಿ, ಲಿವರ್ ಮೇಲೆ ಕಣ್ಣಿಡಬೇಕಾದ ಔಷಧಿ ತಿನ್ನುವ ಮಗುವಿಗೆ ಅದನ್ನು ಕೊಡದಿರುವುದೇ ಲೇಸು. ಏನಾದರೂ ಕೊಡುತ್ತಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ.

"ಯಾರ ಹತ್ರಾನೂ ಹೇಳಬೇಡ" ಅನ್ನುವುದರ ಹಿಂದೆ ಮುಂದಿನ ಮದುವೆಯ ಚಿಂತೆ ಇದೆ, ಅಲ್ವಾ? ಊರಿಗೆಲ್ಲ ಸಾರಬೇಕಾಗಿಲ್ಲ. ಆದರೆ ಶಾಲೆಗೆ ಹೇಳಲೇಬೇಕು. ಟೀಚರಿಗೆ ಗೊತ್ತಿಲ್ಲದಿದ್ದರೆ ಮಗು ಬೆಳಗ್ಗೆ ತಡವಾದಾಗ ಸೋಮಾರಿ ಅನ್ನಿಸಿಕೊಳ್ಳುತ್ತದೆ, ಪ್ರಾರ್ಥನೆಯಲ್ಲಿ ನಿಲ್ಲಲಾರದೆ ಬೈಸಿಕೊಳ್ಳುತ್ತದೆ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುವ ಬದಲು ಬೆಂಚು, ಅರ್ಧ ಗಂಟೆಗೊಮ್ಮೆ ಎದ್ದು ಎರಡು ಹೆಜ್ಜೆ ಓಡಾಡಲು ಬಿಡುವುದು, ಸಾಧ್ಯವಾದರೆ ಕೆಳಮಹಡಿಯ ಕ್ಲಾಸು, ಕೂತು ಬಳಸುವ ಶೌಚಾಲಯ. ಇಷ್ಟು ಕೇಳಿ. ಆಟದಿಂದ ಪೂರ್ತಿ ಬಿಡಿಸಿ ಅಂತ ಚೀಟಿ ಕೊಡಬೇಡಿ. ಬದಿಯಲ್ಲಿ ಕೂತು ಬೇರೆ ಮಕ್ಕಳ ಚಪ್ಪಲಿ ಕಾಯುವ ಮಗುವಿನ ತೊಡೆ ಇನ್ನೂ ಸೊರಗುತ್ತದೆ. ಸೈಕಲ್, ಈಜು ಈ ಮಕ್ಕಳಿಗೆ ಚೆನ್ನಾಗಿ ಒಗ್ಗುತ್ತವೆ.

ಭರತನಾಟ್ಯಕ್ಕೂ ಇದೇ ಉತ್ತರ. ಊತ ಇಳಿದು, ಮಂಡಿ ಪೂರ್ತಿ ನೇರವಾಗಿ, ತೊಡೆಯ ಬಲ ಸಾಕಷ್ಟಿದೆ ಅಂತ ಫಿಸಿಯೋಥೆರಪಿಸ್ಟ್ ಹೇಳಿದ ಮೇಲೆ ಸೇರಿಸಿ. ಅದು ಜೂನ್ ಬದಲು ದಸರಾ ಆಗಬಹುದು. ಅರೆಮಂಡಿಯಲ್ಲಿ ಭಾರವೆಲ್ಲ ಮಂಡಿಗೇ ಬೀಳುವುದರಿಂದ, ಶುರುವಿನಲ್ಲಿ ಅದರಲ್ಲಿ ಕಡಿಮೆ ಹೊತ್ತು ನಿಲ್ಲಿಸಿ, ಗಟ್ಟಿ ತಟ್ಟಡವು ಸ್ವಲ್ಪ ತಡವಾಗಿ ಹೇಳಿಕೊಡಿ ಅಂತ ಗುರುಗಳಿಗೆ ಹೇಳಿ. ಹಸ್ತ, ಅಭಿನಯ ಕಲಿಯಲು ಯಾವ ತಡೆಯೂ ಇಲ್ಲ.

ನಿಮ್ಮ ಮಗಳಿಗೆ ಇನ್ನೂ ಐದು. ಆದರೆ ಈ ಅಂಕಣ ಓದುವವರಲ್ಲಿ ಹದಿಹರೆಯದವರ ತಂದೆತಾಯಂದಿರೂ ಇದ್ದಾರೆ. ನಮ್ಮ ದೇಶದಲ್ಲಿ ಪಶ್ಚಿಮದ ದೇಶಗಳಿಗಿಂತ ಜಾಸ್ತಿ ಕಾಣುವ ಬಗೆ ಒಂದಿದೆ. ಹತ್ತರಿಂದ ಹದಿನೈದು ವರ್ಷದ ಹುಡುಗರಲ್ಲಿ ಹಿಮ್ಮಡಿ ನೋವು, ಮಂಡಿ ಅಥವಾ ಪಾದದ ಗಂಟಿನ ಊತ, ಆಮೇಲೆ ಬೆಳಗಿನ ಜಾವ ಸೊಂಟ ಹಿಡಿದುಕೊಳ್ಳುವುದು. ಎಚ್‌ಎಲ್‌ಎ-ಬಿ27 ಎಂಬ ಹುಟ್ಟಿನಿಂದ ಬರುವ ಗುರುತು ಎಷ್ಟೋ ಜನರಿಗೆ ಪಾಸಿಟಿವ್ ಇರುತ್ತದೆ. ಶೂ ಸರಿಯಿಲ್ಲ, ಕ್ರಿಕೆಟ್ ಜಾಸ್ತಿ ಆಡಿದ ಅಂತ ವರ್ಷಗಟ್ಟಲೆ ತಳ್ಳಿರುತ್ತಾರೆ. ಇವರಲ್ಲಿ ಕಣ್ಣಿನ ಉರಿಯೂತ ಬಂದರೆ ಕೆಂಪಾಗಿ, ನೋವಾಗಿ ಬರುತ್ತದೆ. ಒಂದು ಲೆಕ್ಕಕ್ಕೆ ಅದೇ ವಾಸಿ, ಗೊತ್ತಾದರೂ ಆಗುತ್ತದೆ.

ಈ ವಯಸ್ಸಿನವರು ಮಾತ್ರೆ ತಿಂದೆ ಅಂತ ಹೇಳಿ ಕಿಟಕಿಯಿಂದ ಆಚೆ ಎಸೆಯುತ್ತಾರೆ. ಸ್ಟಿರಾಯ್ಡ್‌ನಿಂದ ಮುಖ ಊದಿ, ಮೊಡವೆ ಬಂದು, ಕ್ಲಾಸಿನಲ್ಲಿ ಯಾರೋ ಆಡಿಕೊಂಡಿರುತ್ತಾರೆ. ಬೈದರೆ ಇನ್ನಷ್ಟು ಜಾಣತನದಿಂದ ಎಸೆಯುತ್ತಾರೆ. ಸ್ಟಿರಾಯ್ಡ್ ಪ್ರಮಾಣ ಇಳಿಸುವ ದಾರಿ ಇದೆಯಾ ಅಂತ ವೈದ್ಯರನ್ನು ಕೇಳಿ, ಆದರೆ ತಾವಾಗಿ ಥಟ್ಟನೆ ನಿಲ್ಲಿಸುವುದು ಅಪಾಯ. ಹದಿಮೂರು ದಾಟಿದ ಮೇಲೆ ವೈದ್ಯರ ಜೊತೆ ಐದು ನಿಮಿಷ ಒಬ್ಬರೇ ಮಾತಾಡಲು ಬಿಡಿ. ನಿಮ್ಮೆದುರು ಹೇಳದ್ದನ್ನು ಅಲ್ಲಿ ಹೇಳುತ್ತಾರೆ. ಮೆಥೋಟ್ರೆಕ್ಸೇಟ್ ಜೊತೆ ಮದ್ಯ ಸೇರಿದರೆ ಲಿವರ್‌ಗೆ ಕಷ್ಟ, ಗರ್ಭ ನಿಂತರೆ ಮಗುವಿಗೆ ಹಾನಿ ಅನ್ನುವ ಮಾತನ್ನೂ ಕಾಲೇಜು ಮೆಟ್ಟಿಲು ಹತ್ತುವ ಮುಂಚೆಯೇ ಯಾರಾದರೂ ಹೇಳಬೇಕಲ್ಲ. ಮಣಿಕಟ್ಟು, ಬೆರಳಿನ ಕೀಲು ಊದಿ ಬರೆಯಲು ಕಷ್ಟ ಇರುವವರು ಎಸ್‌ಎಸ್‌ಎಲ್‌ಸಿ, ಪಿಯುಸಿಗೆ ಶಾಲೆಯ ಮುಖ್ಯಸ್ಥರ ಮೂಲಕ ಮೊದಲೇ ಅರ್ಜಿ ಹಾಕಿ. ಅಂಗವೈಕಲ್ಯ 40 ಶೇಕಡಕ್ಕಿಂತ ಕಡಿಮೆ ಇದ್ದರೂ ಬರೆಯುವುದಕ್ಕೆ ತೊಂದರೆ ಇರುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿನ ಸಮಯ ಕೊಡಬೇಕು ಅಂತ ಕೇಂದ್ರ ಸರ್ಕಾರದ ಮಾರ್ಗಸೂಚಿ ಇದೆ. ಪರೀಕ್ಷೆಯ ಹಿಂದಿನ ವಾರ ಓಡಾಡಿದರೆ ಸಿಗುವುದಿಲ್ಲ.

ಎಷ್ಟು ದಿನ ಔಷಧಿ ಅಂತ ನೀವು ಕೇಳಿಲ್ಲ, ಆದರೆ ಕೇಳುತ್ತೀರಿ. ಊತ, ಸೆಟೆತ, ಕಣ್ಣಿನ ಉರಿಯೂತ ಎಲ್ಲವೂ ಪೂರ್ತಿ ಹೋದ ಮೇಲೆ ಸಾಮಾನ್ಯವಾಗಿ ಇನ್ನೊಂದು ವರ್ಷ ಅಥವಾ ಜಾಸ್ತಿ ಮುಂದುವರಿಸಿ, ಆಮೇಲೆ ನಿಲ್ಲಿಸಿ ನೋಡುತ್ತೇವೆ. ಹೆಚ್ಚು ಕಡಿಮೆ ಅರ್ಧದಷ್ಟು ಮಕ್ಕಳಲ್ಲಿ ಕಾಯಿಲೆ ಮರಳುತ್ತದೆ. ಆಗ ಮತ್ತೆ ಶುರು ಮಾಡುತ್ತೇವೆ, ಮತ್ತೆ ಕೆಲಸ ಮಾಡುತ್ತದೆ. ಔಷಧಿ ನಿಂತಿತಲ್ಲ ಅಂತ ಕಣ್ಣಿನ ಪರೀಕ್ಷೆಯನ್ನು ಮಾತ್ರ ನಿಲ್ಲಿಸಬೇಡಿ. ಮೆಥೋಟ್ರೆಕ್ಸೇಟ್ ನಿಲ್ಲಿಸಿದ ಮೊದಲ ತಿಂಗಳುಗಳಲ್ಲೇ ಕಣ್ಣಿನ ಉರಿಯೂತ ಮರಳಿ ಬರುವುದುಂಟು. ಆ ಸಮಯದಲ್ಲಿ ಸ್ಲಿಟ್ ಲ್ಯಾಂಪ್ ಪರೀಕ್ಷೆ ಇನ್ನೂ ಬೇಗ ಬೇಗ ಆಗಬೇಕು. ತಾರೀಖು ಗೊತ್ತು ಮಾಡಿಕೊಂಡೇ ಔಷಧಿ ನಿಲ್ಲಿಸಿ.